ಗೊರಕೆ ನಿಂತಿತು, ಉಸಿರು ಸರಿಹೋಯಿತೇ? ಗಂಟಲ ಆಪರೇಷನ್‌ಗೆ ಮುಂಚೆ ತಿಳಿದಿರಬೇಕಾದದ್ದು

ಕಲಬುರಗಿಯಲ್ಲಿ ಮೇ ತಿಂಗಳು ಬಂತೆಂದರೆ ರಾತ್ರಿ ಮನೆಯೊಳಗೆ ಮಲಗುವ ಮಾತೇ ಇಲ್ಲ. ಹಗಲೆಲ್ಲ 42, 43 ಡಿಗ್ರಿ ಬಿಸಿಲು ಕುಡಿದ ಗೋಡೆಗಳು ರಾತ್ರಿ ಹನ್ನೊಂದಾದರೂ ಕಾವು ಬಿಡುತ್ತಲೇ ಇರುತ್ತವೆ. ಹಾಸಿಗೆ ಸುತ್ತಿಕೊಂಡು ಎಲ್ಲರೂ ಮಾಳಿಗೆ ಹತ್ತುತ್ತೇವೆ. ಮಾಳಿಗೆ ಮೇಲೆ ಯಾರ ಗೊರಕೆಯೂ ಗುಟ್ಟಾಗಿ ಉಳಿಯುವುದಿಲ್ಲ. ನಮ್ಮ ಕಾಕಾನ ಗೊರಕೆಯಂತೂ ಮೂರು ಮನೆ ಆಚೆಗೂ ಕೇಳುತ್ತಿತ್ತು.

ಅದಕ್ಕೆಂದೇ ಅವರು ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ಗಂಟಲ ಆಪರೇಷನ್ ಮಾಡಿಸಿಕೊಂಡು ಬಂದರು. ಗೊರಕೆ ಮುಕ್ಕಾಲು ಭಾಗ ಇಳಿಯಿತು. "ನಿಮ್ಮ ಕಾಕಾ ಈಗ ಸುಮ್ನ ಮಲಗ್ತಾರ ನೋಡಪ್ಪ" ಅಂತ ಕಾಕಿ ಎಲ್ಲರಿಗೂ ಹೇಳಿಕೊಂಡು ಸಂತೋಷಪಟ್ಟರು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಅವರಿಗೂ ಕಣ್ತುಂಬ ನಿದ್ದೆ.

ಎರಡು ಬೇಸಿಗೆ ಕಳೆದವು. ಒಂದು ರಾತ್ರಿ ಮಾಳಿಗೆ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಪಕ್ಕದಲ್ಲಿ ಕಾಕಾ ಮೆಲ್ಲಗೆ ಉಸಿರಾಡುತ್ತಿದ್ದರು. ಆ ಮೆಲ್ಲನೆ ಸದ್ದೂ ಒಮ್ಮೆಲೇ ನಿಂತಿತು. ಸುಮ್ನೆ ಎಣಿಸತೊಡಗಿದೆ. ಹತ್ತು. ಎದೆ, ಹೊಟ್ಟೆ ಮೇಲೆ ಕೆಳಗೆ ಆಡುತ್ತಿವೆ, ಗಾಳಿ ಮಾತ್ರ ಓಡಾಡುತ್ತಿಲ್ಲ. ಹದಿನೈದು. ಇಪ್ಪತ್ತು. ಇಪ್ಪತ್ತಾರಕ್ಕೆ ಬಂದಾಗ ನೀರಲ್ಲಿ ಮುಳುಗಿದವರು ತಲೆ ಮೇಲೆತ್ತಿದ ಹಾಗೆ ಒಂದು ಗುಟುಕು ಗಾಳಿ ಎಳೆದುಕೊಂಡು, ಮಗ್ಗುಲು ಬದಲಿಸಿ, ಮತ್ತೆ ನಿದ್ದೆಗೆ ಜಾರಿದರು. ಎರಡು ನಿಮಿಷ ಆಗಿರಲಿಲ್ಲ, ಮತ್ತೆ ಅದೇ.

ಆ ರಾತ್ರಿಯ ನಂತರ ನಾನು ಓದಿದ್ದು, ಡಾಕ್ಟರುಗಳನ್ನು ಕೇಳಿ ತಿಳಿದದ್ದು ಇಲ್ಲಿ ಬರೆಯುತ್ತಿದ್ದೇನೆ. ಗಂಟಲ ಆಪರೇಷನ್ ಕೆಟ್ಟದ್ದು ಅಂತ ಹೇಳಲು ಅಲ್ಲ. ಕೆಲವರಿಗೆ ಅದು ನಿಜಕ್ಕೂ ಒಳ್ಳೆಯದು ಮಾಡುತ್ತದೆ. ಆದರೆ ಗೊರಕೆ ನಿಲ್ಲುವುದು ಬೇರೆ, ಉಸಿರು ಸರಿಹೋಗುವುದು ಬೇರೆ. ಈ ವ್ಯತ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೆತ್ತನೆ ಪೈಪಿನ ಕಥೆ

ಹೊಲದಲ್ಲಿ ಮೋಟರ್ ಕೂಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾವಿಯಿಂದ ನೀರು ಎಳೆಯುವ ಕಡೆ ದಪ್ಪನೆಯ, ಗಟ್ಟಿ ಪೈಪು ಹಾಕುತ್ತೇವೆ. ನೀರು ಹೊರಗೆ ತಳ್ಳುವ ಕಡೆ ಬೇಕಾದರೆ ಮಡಚಿ ಸುತ್ತಿಡುವಂಥ ಮೆತ್ತನೆ ಪೈಪು ನಡೆಯುತ್ತದೆ. ಅದನ್ನೇ ಎಳೆಯುವ ಕಡೆ ಹಾಕಿದರೆ? ಮೋಟರ್ ಚಾಲೂ ಆದ ತಕ್ಷಣ ಪೈಪು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಒಂದು ಹನಿ ನೀರು ಬರುವುದಿಲ್ಲ.

ನಮ್ಮ ಗಂಟಲು ಎಳೆಯುವ ಕಡೆಗೇ ಇರುವ ಮೆತ್ತನೆ ಪೈಪು. ಮೂಗಿನ ಸುತ್ತ ಎಲುಬಿದೆ. ಕೆಳಗೆ ಶ್ವಾಸನಾಳಕ್ಕೆ ಉಂಗುರದಂಥ ಮೃದ್ವಸ್ಥಿಗಳ ಆಸರೆ ಇದೆ. ನಡುವೆ ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಒಂದು ಗೇಣಿಗಿಂತ ಕಡಿಮೆ ಉದ್ದದ ದಾರಿಗೆ ಅಂಥ ಗಟ್ಟಿ ಆಸರೆ ಇಲ್ಲ. ಅದನ್ನು ತೆರೆದಿಡುವುದು ಸ್ನಾಯುಗಳು. ಎಚ್ಚರ ಇರುವಾಗ ಅವು ಬಿಗಿಯಾಗಿರುತ್ತವೆ. ನಿದ್ದೆ ಹತ್ತಿದ ಮೇಲೆ ಸಡಿಲವಾಗುತ್ತವೆ. ದಾರಿ ಕಿರಿದಾಗಿ, ಗಾಳಿ ನುಗ್ಗುವಾಗ ಮೆತ್ತನೆ ಅಂಗುಳ, ಕಿರುನಾಲಿಗೆ ಪಟಪಟ ಬಡಿದುಕೊಂಡರೆ ಅದು ಗೊರಕೆ. ದಾರಿ ಪೂರ್ತಿ ಅಂಟಿಕೊಂಡು ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಗಾಳಿ ನಿಂತರೆ ಅದು ಅಪ್ನಿಯಾ. ಅರ್ಧಂಬರ್ಧ ಮುಚ್ಚಿ ರಕ್ತದಲ್ಲಿ ಆಮ್ಲಜನಕ ಇಳಿದರೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಉಸಿರು ಕಟ್ಟಿದಾಗಲೆಲ್ಲ ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ. ಮಲಗಿದವರಿಗೆ ಅದು ನೆನಪೇ ಇರುವುದಿಲ್ಲ. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ಎಂಟು ಗಂಟೆ ಮಲಗಿದರೂ ಹೋಗದ ಸುಸ್ತು, ಎಷ್ಟು ಮಾತ್ರೆ ನುಂಗಿದರೂ ಇಳಿಯದ ಬಿಪಿ ಮಾತ್ರ ಉಳಿಯುತ್ತವೆ. ಕಾಕಾ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಖಾತೆ ಪುಸ್ತಕದ ಮೇಲೆ ಪೆನ್ನು ಹಿಡಿದುಕೊಂಡೇ ತೂಕಡಿಸುತ್ತಿದ್ದರು. ಒಮ್ಮೆ ಜೇವರ್ಗಿ ರಸ್ತೆಯ ಸಿಗ್ನಲ್‌ನಲ್ಲಿ ಗಾಡಿ ಮೇಲೆ ಕೂತಲ್ಲೇ ಕಣ್ಣು ಮುಚ್ಚಿದ್ದರು. "ವಯಸ್ಸಾತು, ಅಷ್ಟೇ" ಅಂದುಕೊಂಡಿದ್ದೆವು.

ಗಾಯಕ ಬಪ್ಪಿ ಲಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಆಸ್ಪತ್ರೆಯ ಡಾಕ್ಟರು ಹೇಳಿದ ಕಾರಣದಲ್ಲಿ ಇದೇ ಸ್ಲೀಪ್ ಅಪ್ನಿಯಾದ ಹೆಸರಿತ್ತು. ಈ ಪದವನ್ನು ನಮ್ಮಲ್ಲಿ ತುಂಬ ಜನ ಮೊದಲು ಕೇಳಿದ್ದು ಆಗಲೇ.

ಮೊದಲು ಲೆಕ್ಕ, ಆಮೇಲೆ ಕತ್ತರಿ

ಗೊರಕೆ ಹೊಡೆಯುವವರೆಲ್ಲರಿಗೂ ಅಪ್ನಿಯಾ ಇರುವುದಿಲ್ಲ. ಇದೆಯೋ ಇಲ್ಲವೋ ಎಂದು ಗಂಟಲೊಳಗೆ ಟಾರ್ಚ್ ಬಿಟ್ಟು ನೋಡಿ ಹೇಳುವುದಕ್ಕಾಗುವುದಿಲ್ಲ. ಅದಕ್ಕೆ ಸ್ಲೀಪ್ ಸ್ಟಡಿ ಬೇಕು. ಒಂದು ರಾತ್ರಿ ಮೂಗಿನ ಹತ್ತಿರ ಸಣ್ಣ ನಳಿಗೆ, ಎದೆಗೆ ಪಟ್ಟಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿ ಮಲಗಿಸುತ್ತಾರೆ. ಆಸ್ಪತ್ರೆಯಲ್ಲಿ ಮಾಡುವ ಪೂರ್ತಿ ಪರೀಕ್ಷೆಯಲ್ಲಿ ತಲೆಗೂ ವೈರ್ ಅಂಟಿಸುತ್ತಾರೆ. ಮನೆಗೇ ಕೊಟ್ಟು ಕಳಿಸುವ ಸಣ್ಣ ಯಂತ್ರವೂ ಇದೆ.

ಬೆಳಿಗ್ಗೆ ಸಿಗುವ ಮುಖ್ಯ ಅಂಕಿ ಎಎಚ್‌ಐ. ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕುಗ್ಗಿತು ಎಂಬ ಲೆಕ್ಕ. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 5ರಿಂದ 15 ಅಲ್ಪ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಮಾಳಿಗೆ ಮೇಲಿನ ಆ ರಾತ್ರಿಯ ನಂತರ ಕಾಕಾನಿಗೆ ಪರೀಕ್ಷೆ ಮಾಡಿಸಿದಾಗ ಬಂದದ್ದು 38. ಆರು ಗಂಟೆ ನಿದ್ದೆ ಅಂದರೂ ರಾತ್ರಿಗೆ ಇನ್ನೂರಕ್ಕೂ ಜಾಸ್ತಿ ಸಲ. ಅದೂ ಆಪರೇಷನ್ ಆದ ಮೇಲೆ!

ಆಪರೇಷನ್‌ಗೆ ಮುಂಚೆ ಎಷ್ಟಿತ್ತು ಅಂತ ಕೇಳಿದರೆ ಉತ್ತರವಿಲ್ಲ. ಆಗ ಯಾರೂ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. ನನಗೆ ಇಂದಿಗೂ ಸಂಕಟವಾಗುವುದು ಈ ವಿಷಯಕ್ಕೆ. ಆಪರೇಷನ್‌ನಿಂದ ಒಳ್ಳೆಯದಾಯಿತೋ ಇಲ್ಲವೋ ಎಂದು ಹೇಳಲು ಮೊದಲಿನ ಅಂಕಿಯೇ ಇಲ್ಲ. ದಯವಿಟ್ಟು ಇದೊಂದನ್ನು ನೆನಪಿಡಿ. ಸ್ಲೀಪ್ ಸ್ಟಡಿ ಇಲ್ಲದೆ ಗೊರಕೆಗೆಂದು ಗಂಟಲ ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಳ್ಳಬೇಡಿ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಒಂದು ಕಾಲಕ್ಕೆ ತೀರಾ ಕೆಟ್ಟ ಅಪ್ನಿಯಾಗೆ ಇದ್ದದ್ದು ಒಂದೇ ಆಪರೇಷನ್. ಕುತ್ತಿಗೆಯ ಮುಂಭಾಗದಲ್ಲಿ ತೂತು ಮಾಡಿ ಶ್ವಾಸನಾಳಕ್ಕೆ ನೇರವಾಗಿ ನಳಿಗೆ ಇಡುವುದು. ಮುಚ್ಚಿಕೊಳ್ಳುವ ಜಾಗವನ್ನೇ ದಾಟಿ ಹೋಗುವುದರಿಂದ ಅದು ಕೆಲಸ ಮಾಡುತ್ತಿತ್ತು. ಆದರೆ ಕುತ್ತಿಗೆಯಲ್ಲಿ ತೂತಿಟ್ಟುಕೊಂಡು ಬದುಕುವುದು ಸುಲಭವೇ?

1964ರಲ್ಲಿ ಜಪಾನಿನ ಇಕೆಮತ್ಸು ಎಂಬ ವೈದ್ಯರು ಗೊರಕೆಗೆಂದು ಅಂಗುಳದ ಆಪರೇಷನ್ ಬಗ್ಗೆ ಬರೆದಿದ್ದರು. ಅದನ್ನು ಅಪ್ನಿಯಾ ರೋಗಿಗಳಿಗೆ ತಂದವರು ಅಮೆರಿಕದ ಡೆಟ್ರಾಯಿಟ್‌ನಲ್ಲಿದ್ದ ಶಿರೋ ಫುಜಿತಾ, 1981ರಲ್ಲಿ. ಡಾಕ್ಟರುಗಳು ಇದನ್ನು ಯುಪಿಪಿಪಿ ಎನ್ನುತ್ತಾರೆ. ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕವೇ ಟಾನ್ಸಿಲ್ ತೆಗೆದು, ಕಿರುನಾಲಿಗೆ ಮತ್ತು ಮೆತ್ತನೆ ಅಂಗುಳದ ಅಂಚು ಕತ್ತರಿಸಿ, ಉಳಿದ ಅಂಚುಗಳನ್ನು ಹೊಲಿಯುತ್ತಾರೆ. ಹೊರಗೆ ಗಾಯದ ಗುರುತು ಕಾಣುವುದಿಲ್ಲ.

ಇದು ಎಷ್ಟು ಜನಕ್ಕೆ ಫಲ ಕೊಡುತ್ತದೆ? 1996ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಬಂದ ಲೆಕ್ಕ ನೂರಕ್ಕೆ ಸುಮಾರು 40. ಆ ನಲವತ್ತನ್ನೂ ಬಿಡಿಸಿ ನೋಡಬೇಕು. ಇಂಥ ಅಧ್ಯಯನಗಳಲ್ಲಿ 'ಸಕ್ಸಸ್' ಎಂದರೆ ಸಾಮಾನ್ಯವಾಗಿ ಎಎಚ್‌ಐ ಅರ್ಧಕ್ಕಿಂತ ಕೆಳಗೆ ಇಳಿಯಬೇಕು, 20ರ ಒಳಗೂ ಬರಬೇಕು. ಅಂದರೆ 60 ಇದ್ದದ್ದು 18ಕ್ಕೆ ಬಂದರೆ ಅದು ಸಕ್ಸಸ್. ಹೌದು, ದೊಡ್ಡ ಇಳಿತವೇ. ಆದರೆ 18 ಅಂದರೆ ಇನ್ನೂ ಮಧ್ಯಮ ಅಪ್ನಿಯಾ, ಅಲ್ವಾ? ಡಾಕ್ಟರು 'ಸಕ್ಸಸ್' ಅಂದಾಗ ನಾವು 'ವಾಸಿ' ಅಂತ ಕೇಳಿಸಿಕೊಳ್ಳುತ್ತೇವೆ. ಈ ಎರಡು ಪದಗಳ ನಡುವೆ ಬಹಳ ಜನ ಮೋಸಹೋಗುತ್ತಾರೆ.

ಎಲ್ಲರಿಗೂ ಯಾಕೆ ಆಗುವುದಿಲ್ಲ? ಮತ್ತೆ ಪೈಪಿಗೇ ಬರೋಣ. ಮೆತ್ತನೆ ಪೈಪು ಮೂರು ಕಡೆ ಅಂಟಿಕೊಳ್ಳುತ್ತಿದೆ ಅಂದುಕೊಳ್ಳಿ. ಒಂದು ಕಡೆ ಮಾತ್ರ ಅಗಲ ಮಾಡಿದರೆ ನೀರು ಬರುತ್ತದೆಯೇ? ಗಂಟಲು ಅಂಗುಳದ ಹಿಂದೆ ಮುಚ್ಚಬಹುದು, ಟಾನ್ಸಿಲ್ ಇರುವ ಪಕ್ಕದ ಗೋಡೆಗಳು ಒಳಗೆ ಕುಸಿಯಬಹುದು, ನಾಲಿಗೆಯ ಬುಡ ಹಿಂದಕ್ಕೆ ಬೀಳಬಹುದು, ಶ್ವಾಸನಾಳದ ಬಾಯಿಗಿರುವ ಮುಚ್ಚಳ ಮಡಚಿಕೊಳ್ಳಬಹುದು. ಗೊರಕೆಯ ಸದ್ದು ಹೆಚ್ಚಾಗಿ ಬರುವುದು ಅಂಗುಳದಿಂದ. ಅದನ್ನು ಕತ್ತರಿಸಿದರೆ ಬಡಿದುಕೊಳ್ಳುವ ಭಾಗವೇ ಇಲ್ಲವಾಗಿ ಸದ್ದು ಇಳಿಯುತ್ತದೆ. ನಾಲಿಗೆಯ ಬುಡ ಮುಚ್ಚುವುದು ಮಾತ್ರ ಹಾಗೇ ಉಳಿಯುತ್ತದೆ. ನಮ್ಮ ಕಾಕಾನ ವಿಷಯದಲ್ಲಿ ಆದದ್ದು ಇದೇ. ಮೊದಲು ಗೊರಕೆಯಾದರೂ ಎಚ್ಚರಿಸುತ್ತಿತ್ತು. ಆಪರೇಷನ್ ನಂತರ ಆ ಗಂಟೆಯೂ ಬಾರಿಸುವುದು ನಿಂತಿತ್ತು.

ಕನ್ನಡಿ ಮುಂದೆ ನಿಂತು ನಾಲಿಗೆ ಹೊರಗೆ ಚಾಚದೆ ಬಾಯಿ ಅಗಲವಾಗಿ ತೆರೆದು ನೋಡಿ. ಕಿರುನಾಲಿಗೆ, ಟಾನ್ಸಿಲ್ ಎಲ್ಲ ಸ್ಪಷ್ಟವಾಗಿ ಕಾಣುತ್ತವೆಯೋ, ಇಲ್ಲ ನಾಲಿಗೆಯ ದಿಬ್ಬ ಎಲ್ಲವನ್ನೂ ಮುಚ್ಚುತ್ತದೆಯೋ? ಅಮೆರಿಕದ ಮೈಕೆಲ್ ಫ್ರೀಡ್‌ಮನ್ ಎಂಬ ಸರ್ಜನ್ 2002ರಲ್ಲಿ ಇದನ್ನೇ ಆಧಾರವಾಗಿ ಇಟ್ಟುಕೊಂಡು, ಟಾನ್ಸಿಲ್ ಗಾತ್ರ ಮತ್ತು ದೇಹದ ತೂಕವನ್ನೂ ಸೇರಿಸಿ ರೋಗಿಗಳನ್ನು ವಿಂಗಡಿಸಿದರು. ಟಾನ್ಸಿಲ್ ದೊಡ್ಡದಿದ್ದು, ನಾಲಿಗೆ ಕೆಳಗೆ ಕೂತವರಲ್ಲಿ ನೂರಕ್ಕೆ 80 ಮಂದಿಗೆ ಆಪರೇಷನ್ ಫಲ ಕೊಟ್ಟಿತ್ತು. ಟಾನ್ಸಿಲ್ ಸಣ್ಣದಿದ್ದು, ನಾಲಿಗೆ ದಾರಿ ಮುಚ್ಚಿದವರಲ್ಲಿ ಬರೀ 8. ಒಂದೇ ಆಪರೇಷನ್, ಒಂದೇ ಕೈ, ಗಂಟಲು ಮಾತ್ರ ಬೇರೆ. ಕನ್ನಡಿಯಲ್ಲಿ ನೋಡಿ ನಾವೇ ತೀರ್ಮಾನ ಮಾಡುವಂತಿಲ್ಲ, ಆದರೆ ಡಾಕ್ಟರನ್ನು ಏನು ಕೇಳಬೇಕೆಂದು ತಿಳಿಯುತ್ತದೆ.

ಈಗ ಔಷಧಿ ಕೊಟ್ಟು ನಿದ್ದೆ ಬರಿಸಿ, ಮೂಗಿನಿಂದ ತೆಳ್ಳನೆ ಕ್ಯಾಮೆರಾ ಇಳಿಸಿ ಗಂಟಲು ಎಲ್ಲಿ ಮುಚ್ಚುತ್ತದೆ ಎಂದು ನೇರವಾಗಿ ನೋಡುವ ಪರೀಕ್ಷೆ ಇದೆ. ಆಪರೇಷನ್ ಮಾಡಿಸಲು ಮನಸ್ಸು ಮಾಡಿದವರು ಇದರ ಬಗ್ಗೆ ಕೇಳಲೇಬೇಕು. ಆಪರೇಷನ್‌ಗಳೂ ಬದಲಾಗಿವೆ. ಜಾಸ್ತಿ ಕತ್ತರಿಸುವ ಬದಲು ಗಂಟಲ ಪಕ್ಕದ ಸ್ನಾಯುವನ್ನು ಬಿಡಿಸಿ, ಮುಂದಕ್ಕೂ ಪಕ್ಕಕ್ಕೂ ಎಳೆದು ಹೊಲಿಗೆ ಹಾಕಿ ದಾರಿ ಅಗಲ ಮಾಡುವ ವಿಧಾನ 2007ರಿಂದ ಬಳಕೆಗೆ ಬಂದಿದೆ. ಅಂಗುಳದ ಜೊತೆ ನಾಲಿಗೆಯ ಬುಡವನ್ನೂ ಸರಿಮಾಡುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ, ಮಾಸ್ಕ್ ಮೂಲಕ ಗಾಳಿ ಊದುವ ಮಷೀನ್ (ಇದರ ಬಗ್ಗೆ ಮುಂದೆ ಹೇಳುತ್ತೇನೆ) ಒಗ್ಗದ 102 ಮಂದಿ ದೊಡ್ಡವರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಎರಡೂ ಕಡೆ ಆಪರೇಷನ್ ಆದವರ ಎಎಚ್‌ಐ ಆರು ತಿಂಗಳಲ್ಲಿ ಸುಮಾರು 48ರಿಂದ 21ಕ್ಕೆ ಇಳಿಯಿತು. ಆಪರೇಷನ್ ಇಲ್ಲದೆ ಬೇರೆ ಆರೈಕೆ ಪಡೆದವರದು 45ರಿಂದ 34ರ ಆಸುಪಾಸಿಗೆ. ಸರಿಯಾದ ಗಂಟಲು ಆರಿಸಿ, ಸರಿಯಾದ ಜಾಗಕ್ಕೆ ಕೈ ಹಾಕಿದರೆ ಆಪರೇಷನ್‌ಗೆ ಬೆಲೆ ಇದೆ.

ಲೇಸರ್ ವಿಷಯದಲ್ಲಿ ನಾನು ಅಷ್ಟು ಉದಾರವಾಗಿ ಹೇಳಲಾರೆ. 1990ರಲ್ಲಿ ಫ್ರಾನ್ಸ್‌ನಿಂದ ಬಂದ, ಕುರ್ಚಿಯಲ್ಲಿ ಕೂರಿಸಿಯೇ ಅಂಗುಳ ಸುಡುವ ವಿಧಾನ ಅದು. ಸದ್ದು ಇಳಿಸಬಹುದು. ಅಪ್ನಿಯಾಗೆ ಅದನ್ನು ವಾಡಿಕೆಯಾಗಿ ಬಳಸಬೇಡಿ ಎಂದು ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆಯೇ ಹೇಳಿದೆ. ಮೂಗಿನ ನಡುಗೋಡೆ ಸೊಟ್ಟಗಿದ್ದರೆ ಮಾಡುವ ಆಪರೇಷನ್‌ನಿಂದಲೂ ಅಪ್ನಿಯಾ ತಾನಾಗಿ ಹೋಗುವುದು ಕಡಿಮೆ. ಆದರೆ ಉಸಿರಾಟ ಹಗುರಾಗಿ, ಮಷೀನ್ ಹಾಕಿಕೊಳ್ಳುವುದು ಸಲೀಸಾಗುತ್ತದೆ.

ಮಕ್ಕಳ ಮಾತೇ ಬೇರೆ

ನಮ್ಮ ಓಣಿಯ ಆರು ವರ್ಷದ ಹುಡುಗಿಯೊಬ್ಬಳು ಸದಾ ಬಾಯಿ ತೆರೆದುಕೊಂಡೇ ಇರುತ್ತಿದ್ದಳು. ರಾತ್ರಿ ಗೊರಕೆ, ಹಾಸಿಗೆಯಲ್ಲಿ ಮೂತ್ರ, ಶಾಲೆಯಲ್ಲಿ ಗಮನ ಇಲ್ಲ ಅಂತ ಟೀಚರ್ ದೂರು. ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಎಂಬ ಗಡ್ಡೆ ಎರಡೂ ಊದಿದ್ದವು. ಮಕ್ಕಳಲ್ಲಿ ದಾರಿಗೆ ಅಡ್ಡವಾಗಿರುವುದು ಹೆಚ್ಚಾಗಿ ಇವೇ. ಹಾಗಾಗಿ ಅವನ್ನು ತೆಗೆಯುವುದೇ ಮೊದಲ ಚಿಕಿತ್ಸೆ. 2013ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ 5ರಿಂದ 9 ವರ್ಷದ 464 ಮಕ್ಕಳಿದ್ದರು. ಬೇಗ ಆಪರೇಷನ್ ಆದ ಮಕ್ಕಳಲ್ಲಿ ನೂರಕ್ಕೆ 79 ಮಕ್ಕಳ ಸ್ಲೀಪ್ ಸ್ಟಡಿ ಸರಿಹೋಯಿತು. ಕಾದು ನೋಡಿದವರಲ್ಲಿ ನೂರಕ್ಕೆ 46 ಮಕ್ಕಳದು ಆಪರೇಷನ್ ಇಲ್ಲದೆಯೂ ಸರಿಯಾಯಿತು. ಅಂದರೆ ತೊಂದರೆ ಅಲ್ಪವಾಗಿದ್ದರೆ ಕೆಲವು ತಿಂಗಳು ಕಾಯುವುದೂ ತಪ್ಪಲ್ಲ. ಆ ಹುಡುಗಿಗೆ ಆಪರೇಷನ್ ಆಯಿತು. ಈಗ ಬಾಯಿ ಮುಚ್ಚಿ ಮಲಗುತ್ತಾಳೆ.

ರೊಟ್ಟಿ ಇಲ್ಲದ ಹದಿನೈದು ದಿನ

ದೊಡ್ಡವರಿಗೆ ಈ ಆಪರೇಷನ್‌ನ ನೋವು ಸಣ್ಣದಲ್ಲ. ಹತ್ತರಿಂದ ಹದಿನಾಲ್ಕು ದಿನ ಉಗುಳು ನುಂಗುವುದೂ ಕಷ್ಟ. ನೋವು ಕಿವಿಗೆ ಹೊಡೆಯುತ್ತದೆ. ಕಾಕಾನ ಕಿವಿಗೇ ಏನೋ ಆಗಿದೆ ಎಂದು ನಾವು ಹೆದರಿದ್ದೆವು. ಜೋಳದ ರೊಟ್ಟಿ, ಅದರಲ್ಲೂ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಬಂದ್. ಮೂರು ಹೊತ್ತೂ ರೊಟ್ಟಿ ತಿಂದ ಮನುಷ್ಯ ತಟ್ಟೆ ಮುಂದೆ ಕೂತು ಕಣ್ಣಲ್ಲಿ ನೀರು ತಂದುಕೊಂಡರು. ಕಾಕಿ ಅನ್ನ ಮೆತ್ತಗೆ ಬೇಯಿಸಿ, ಹಿಸುಕಿ, ಸೋಸಿ, ಪೂರ್ತಿ ತಣ್ಣಗಾದ ಮೇಲೆ ಚಮಚದಲ್ಲಿ ಕೊಡುತ್ತಿದ್ದರು. ಮೊದಲ ಕೆಲವು ದಿನ ನೀರು ಕುಡಿದರೆ ಮೂಗಿನಿಂದ ಹೊರಗೆ ಬರುತ್ತಿತ್ತು. ಅಂಗುಳ ಮೊಟಕಾದಾಗ ಹಾಗಾಗುತ್ತದೆ, ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನಿಸುವುದು ಮಾತ್ರ ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಕಾಕಾನಿಗೂ ಉಳಿದಿದೆ.

ಆ ದಿನಗಳಲ್ಲಿ ಅವರ ತೂಕ ಆರು ಕೆಜಿ ಇಳಿದಿತ್ತು. ಗೊರಕೆ ಇಳಿಯಲು ಅದೂ ಒಂದು ಕಾರಣ ಇದ್ದಿರಬೇಕು ಎಂದು ಈಗ ಅನಿಸುತ್ತದೆ. ರೊಟ್ಟಿ ಮರಳಿತು, ತೂಕವೂ ಮರಳಿತು.

ಹೆದರಬೇಕಾದದ್ದು ರಕ್ತಕ್ಕೆ. ಗಾಯದ ಮೇಲಿನ ಬಿಳಿ ಪೊರೆ ಉದುರುವ ಐದರಿಂದ ಹತ್ತನೇ ದಿನದ ನಡುವೆ ರಕ್ತ ಬರಬಹುದು. ಬಾಯಿಯಲ್ಲಿ ಕೆಂಪು ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹೈದರಾಬಾದ್‌ಗೋ ಸೊಲ್ಲಾಪುರಕ್ಕೋ ಹೋಗಿ ಆಪರೇಷನ್ ಮಾಡಿಸಿ ಮೂರನೇ ದಿನಕ್ಕೆ ಹಳ್ಳಿಗೆ ವಾಪಸ್ ಬರುವವರು, ರಾತ್ರಿ ಹೊತ್ತು ರಕ್ತ ಬಂದರೆ ಎಲ್ಲಿಗೆ ಓಡಬೇಕು ಎಂದು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಅಪ್ನಿಯಾ ಇರುವವರಿಗೆ ಅರಿವಳಿಕೆಯ ಔಷಧಿ, ಗಟ್ಟಿ ನೋವಿನ ಮಾತ್ರೆಗಳು ಉಸಿರನ್ನು ಇನ್ನಷ್ಟು ಕುಗ್ಗಿಸುತ್ತವೆ. ಯಾವ ಆಪರೇಷನ್ ಆಗಲಿ, ಹರ್ನಿಯಾದ್ದೇ ಇರಲಿ, ಅರಿವಳಿಕೆ ಕೊಡುವ ಡಾಕ್ಟರಿಗೆ ಅಪ್ನಿಯಾ ಇದೆ ಎಂದು ಬಾಯಿಬಿಟ್ಟು ಹೇಳಿ.

ತಳ್ಳುವ ಗಾಳಿ

ಫುಜಿತಾ ಆಪರೇಷನ್ ಬಗ್ಗೆ ಬರೆದ 1981ರಲ್ಲೇ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಸಿಪ್ಯಾಪ್ ಬಗ್ಗೆ ಬರೆದರು. ಮೂಗಿಗೆ ಮಾಸ್ಕ್ ಹಾಕಿ ಮೆಲ್ಲನೆ ಒತ್ತಡದಲ್ಲಿ ಗಾಳಿ ಊದುವ ಯಂತ್ರ. ಎಳೆಯುವ ಕಡೆ ಇದ್ದ ಮೆತ್ತನೆ ಪೈಪನ್ನು ಇದು ತಳ್ಳುವ ಕಡೆಯ ಪೈಪಾಗಿ ಮಾಡುತ್ತದೆ. ಒಳಗಿನಿಂದ ಗಾಳಿ ತುಂಬಿರುವಾಗ ಅದು ಎಲ್ಲಿಯೂ ಅಂಟಿಕೊಳ್ಳುವುದಿಲ್ಲ. ಎಲ್ಲಿ ಮುಚ್ಚುತ್ತಿದೆ ಎಂದು ಹುಡುಕುವ ಗೋಜೂ ಇಲ್ಲ. ಅದಕ್ಕೇ ಮಧ್ಯಮ, ತೀವ್ರ ಅಪ್ನಿಯಾ ಇರುವ ದೊಡ್ಡವರಿಗೆ ಡಾಕ್ಟರುಗಳು ಮೊದಲು ಹೇಳುವುದು ಇದನ್ನೇ.

ಕಷ್ಟ ಇರುವುದು ಬಳಸುವುದರಲ್ಲಿ. ಹತ್ತಾರು ಸಾವಿರ ರೂಪಾಯಿ ಖರ್ಚು. ನಮ್ಮ ಬೇಸಿಗೆಯಲ್ಲಿ ಮಾಸ್ಕ್ ಕೆಳಗೆ ಬೆವರು. ಕರೆಂಟ್ ಹೋದರೆ ಮಷೀನ್ ನಿಲ್ಲುತ್ತದೆ, ಇನ್ವರ್ಟರ್ ಬೇಕು. ಕಾಕಾ ಮೊದಲ ವಾರ ಮಧ್ಯರಾತ್ರಿ ಮಾಸ್ಕ್ ಕಿತ್ತು ಬಿಸಾಕುತ್ತಿದ್ದರು. ಎರಡು ಸಲ ಮಾಸ್ಕಿನ ಅಳತೆ ಬದಲಾಯಿಸಿದ ಮೇಲೆ ಹೊಂದಿಕೊಂಡರು. ಈಗ ಬೆಳಿಗ್ಗೆ ಮಷೀನ್ ಪರದೆಯ ಮೇಲೆ ಎಎಚ್‌ಐ 3 ಅಂತ ಬರುತ್ತದೆ. ಖಾತೆ ಪುಸ್ತಕದ ಮೇಲೆ ತೂಕಡಿಕೆ ನಿಂತಿದೆ.

ಎಷ್ಟು ಪ್ರಯತ್ನಪಟ್ಟರೂ ಮಷೀನ್ ಒಗ್ಗದವರು ಇರುತ್ತಾರೆ. ಟಾನ್ಸಿಲ್ ದೊಡ್ಡದಿರುವವರು, ದವಡೆ ತೀರಾ ಹಿಂದಕ್ಕಿರುವವರು ಇರುತ್ತಾರೆ. ಅವರಿಗೆ ಆಪರೇಷನ್ ಮಾತು ಬರಬೇಕಾದದ್ದೇ. ತೂಕ ಜಾಸ್ತಿ ಇದ್ದರೆ ಇಳಿಸುವುದು ಯಾವ ದಾರಿ ಹಿಡಿದರೂ ಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನದಲ್ಲಿ ತೂಕ ನೂರಕ್ಕೆ ಹತ್ತು ಪಾಲು ಇಳಿದರೆ ಎಎಚ್‌ಐ ಕಾಲು ಭಾಗದಷ್ಟು ಇಳಿಯುತ್ತದೆ ಎಂಬ ಅಂದಾಜು ಸಿಕ್ಕಿದೆ. ಮಲಗುವ ಮುಂಚೆ ಕುಡಿಯುವುದು, ನಿದ್ದೆ ಮಾತ್ರೆ ನುಂಗುವುದು ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಬೆನ್ನ ಮೇಲೆ ಮಲಗುವ ಬದಲು ಮಗ್ಗುಲಲ್ಲಿ ಮಲಗಿದರೆ ಕೆಲವರಿಗೆ ಅಷ್ಟಕ್ಕೇ ಬಹಳ ಹಗುರಾಗುತ್ತದೆ.

ಆಪರೇಷನ್ ಆದವರು ಗಾಯ ಪೂರ್ತಿ ಮಾಗಿದ ಮೇಲೆ, ಸುಮಾರು ಮೂರು ತಿಂಗಳಿಗೆ, ಮತ್ತೊಮ್ಮೆ ಸ್ಲೀಪ್ ಸ್ಟಡಿ ಮಾಡಿಸಲೇಬೇಕು. ಮನೆಯವರು "ಈಗ ಗೊರಕೆ ಇಲ್ಲ" ಅನ್ನುವುದು ಪರೀಕ್ಷೆ ಅಲ್ಲ. ಆ ಮಾತನ್ನು ನಂಬಿ ನಾವು ಎರಡು ವರ್ಷ ಕಳೆದೆವು.

ಇನ್ನೂ ಯಾರಿಗೂ ತೋರಿಸದವರು ಇವತ್ತು ರಾತ್ರಿಯೇ ಒಂದು ಕೆಲಸ ಮಾಡಬಹುದು. ಮನೆಯವರು ಗಾಢ ನಿದ್ದೆಯಲ್ಲಿರುವಾಗ ಮುಖ, ಎದೆ, ಹೊಟ್ಟೆ ಕಾಣುವ ಹಾಗೆ ಮೊಬೈಲ್‌ನಲ್ಲಿ ಐದು ನಿಮಿಷ ವಿಡಿಯೋ ಮಾಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ತೋರಿಸಿ. ವಿಡಿಯೋದಲ್ಲಿ ಸದ್ದು ಜೋರಾಗಿರುವ ತುಣುಕನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಹಾಕಬೇಡಿ. ಡಾಕ್ಟರು ನೋಡಬೇಕಾದದ್ದು ಸದ್ದು ನಿಂತ ಹೊತ್ತನ್ನು.